ಅಡ್ಡಿಯ ಮರಗಳ ಪಟ್ಟಿ

ಮುಳ್ಳೇರಿಯದ ಮೇಸ್ತ್ರಿ ಟೇಪು ಹಿಡಿದು
ಬನದ ಅಂಚಲ್ಲೇ ನಿಂತು ಅಳೆದ:
ಸುತ್ತ ಪಾಗಾರ, ನೆಲಕ್ಕೆ ಇಂಟರ್‌ಲಾಕು,
ನಾಗನಿಗೆ ಕರಿಗಲ್ಲಿನ ಕಟ್ಟೆ.
ಅಡ್ಡಿ ಬರುವ ಮರ ಏಳು.
ಖಜಾಂಚಿ ನಾನು. ಬರೆದುಕೊಳ್ಳಬೇಕು.

ಹೆಸರು ಹೇಳಲು ಚನಿಯಜ್ಜ ಬಂದ,
ಕತ್ತಿಯನ್ನು ತಡಮೆಯಾಚೆ ಕಲ್ಲಿಗೊರಗಿಸಿ,
ಮೆಟ್ಟು ಬಿಟ್ಟು.
ಸುರಂಗ ತೋಡಿದವ. ಮರಗಳನ್ನು
ಅಡಿಯಿಂದ ಬಲ್ಲವ. ಮೇಣದಬತ್ತಿಯ ಬೆಳಕಲ್ಲಿ
ಬೇರು ಮೂಸಿ ನೀರಿನ ದಿಕ್ಕು ಹೇಳುತ್ತಿದ್ದವ.

"ಇದು ರೆಂಜೆ. ಹೂ ಬಿದ್ದಲ್ಲಿ ಮೆಟ್ಟಬೇಡ.
ಇದು ಕಾಯೇರು, ಹಣ್ಣು ಹಕ್ಕಿಗೆ, ನಮಗಲ್ಲ.
ಚೇರೆ ಇದು, ಆಚೆ ನಿಲ್ಲು, ಮೈಯೆಲ್ಲ ಬೊಕ್ಕೆ ಎದ್ದೀತು.
ಪಾಲೆ. ಆಟಿ ಅಮಾವಾಸ್ಯೆಗೆ ನಿನ್ನಮ್ಮ ಕುಡಿಸಿದ ಕಷಾಯ
ಇದರ ಕೆತ್ತೆಯದ್ದು. ಕಲ್ಲಲ್ಲಿ ಜಜ್ಜಿ ತೆಗೆದದ್ದು, ಕಬ್ಬಿಣ ತಾಗಿಸಿಲ್ಲ.
ವರ್ಷಕ್ಕೊಂದು ನಸುಕು, ಅಷ್ಟೇ ನಮಗೆ ಇಲ್ಲಿಂದ.
ಮೊಣಕಾಲು ಮಡಚಿ ಕೆಸರಲ್ಲಿ ಕೂತದ್ದು
ರಾಂಪತ್ರೆಯ ನಂಟ.
ಇದು ಪೊನ್ನೆ. ಅದಕ್ಕೆ ಸುತ್ತಿದ ಗಾರೆಬಳ್ಳಿಯನ್ನು
ಎಷ್ಟನೆಯದು ಅಂತ ಬರೆಯುತ್ತೀ?"

ನನ್ನ ಪೆನ್ನು ನಿಂತಿತು.
ಬಳ್ಳಿಯ ಮೇಲೆ ಸೀತಾಳೆ, ಅದರ ಬೇರಲ್ಲಿ ಇರುವೆ,
ಇರುವೆ ಹೊತ್ತ ಯಾವುದೋ ಬೀಜ.

ಏಳನೆಯದಕ್ಕೆ ಅಂಗೈ ಇಟ್ಟು
ಅಜ್ಜ ಸುಮ್ಮನಾದ.
"ಇದರ ಹೆಸರು ಅಪ್ಪನಿಗೆ ಗೊತ್ತಿತ್ತು.
ನಾನು ಕೇಳಿರಲಿಲ್ಲ."

ಕಳೆದ ಸುಗ್ಗಿಯಲ್ಲಿ ಬಂದಿದ್ದ ಹುಡುಗಿ,
ಪಯ್ಯನ್ನೂರಿನ ಶ್ರೀಜಿಷಾ, ಇದರದೇ ಒಂದು ಎಲೆ
(ಉದುರಿದ್ದೇ, ಕಿತ್ತದ್ದಲ್ಲ)
ಪತ್ರಿಕೆಯ ನಡುವೆ ಒತ್ತಿ ಒಯ್ದಿದ್ದಳು.
"ಹೂ ಸಿಕ್ಕಿಲ್ಲ, ಕಷ್ಟ. ತಿಳಿಸುತ್ತೇನೆ ಮಾಷೇ."

ಮಹಾಸಭೆಯಲ್ಲಿ ಎದ್ದು ನಿಂತೆ.
ಭಕ್ತಿಯ ಮಾತು ಬರಲಿಲ್ಲ, ಲೆಕ್ಕದ್ದು ಬಂತು:
ಹೆಸರಿಲ್ಲದ್ದನ್ನು ಯಾವ ಬಾಬ್ತಿಗೆ ಬರೆಯಲಿ?
ಆಡಿಟಿಗೆ ಏನು ಹೇಳಲಿ?
ಯಾರೋ ಕೆಮ್ಮಿದರು. ಹಿಂದಿನ ಸಾಲಿನಿಂದ ಉಮ್ಮಕ್ಕ,
"ಹಾಗಾದರೆ ಸುರಂಗದ ನೀರು ಯಾವ ಬಾಬ್ತು?"
ಅಧ್ಯಕ್ಷರು ಗಡಿಯಾರ ನೋಡಿದರು.
ಹೆಸರು ಬರುವವರೆಗೆ ಕೆಲಸ ಮುಂದಕ್ಕೆ.
ಠರಾವಾಯಿತು.

ಇಂಟರ್‌ಲಾಕು ಶಾಲೆಯ ಹಿಂದೆ ಅಟ್ಟಿಯಾಗಿ ಕೂತಿದೆ.
ಸಂದಿಯಲ್ಲಿ ಆಗಲೇ ತಜಂಕು ಮೊಳೆತು
ಮಕ್ಕಳು ಪಲ್ಯಕ್ಕೆ ಚಿವುಟುತ್ತಾರೆ.

ಶನಿವಾರ ಅಂಚೆಯವ ಲಕೋಟೆ ಕೊಟ್ಟು ಹೋದ.
ಅಲುಗಿಸಿದರೆ ಒಳಗೆ ಒಣಎಲೆ ಸರಿದಾಡುವ ಸದ್ದು.
ರಶೀದಿ ಪುಸ್ತಕದಡಿ ಇಟ್ಟಿದ್ದೇನೆ. ಒಡೆದಿಲ್ಲ.

ದಾರಿಯಲ್ಲಿ ಸಿಕ್ಕಾಗೆಲ್ಲ ಅಜ್ಜ ಕೇಳುತ್ತಾನೆ, "ಬಂತಾ?"
"ಇಲ್ಲ," ಅನ್ನುತ್ತೇನೆ.
ನನ್ನ ಮುಖ ನೋಡಿ,
"ನಿಧಾನ ಬರಲಿ," ಅನ್ನುತ್ತಾನೆ.