ಮೂರನೇ ಗೇರು ಇದ್ದ ಜಾಗ

ಹೊಳಲು ಸರ್ಕಲ್ ದಾಟಿ, ಕಬ್ಬಿನ ಟ್ರ್ಯಾಕ್ಟರು ತಿರುಗುವಲ್ಲಿ
ಮಾಯಿಗಣ್ಣನ ಶೆಡ್ಡು. ಬೋರ್ಡಿಲ್ಲ.
ಬೇವಿನ ಕೊಂಬೆಗೆ ಸೈಲೆನ್ಸರೊಂದು ನೇತಾಡುತ್ತದೆ,
ಅದೇ ಬೋರ್ಡು.

ನನ್ನ ಮಾರುತಿ ಎಂಟುನೂರನ್ನು ಅದರ ಕೆಳಗೆ ನಿಲ್ಲಿಸಿದೆ.
ನೆತ್ತಿಯ ಮೇಲೆ ಕೆಂಪು ‘ಎಲ್’ ಹೊತ್ತ ಬಿಳಿ ಕಾರು,
ಹನ್ನೊಂದು ವರ್ಷ, ಎರಡು ಸಾವಿರ ಎಡಗೈ.

ಏನವ್ವಾ ಕಾಯಿಲೆ, ಅಂತ ಕೇಳುತ್ತಲೇ ಒಳಗೆ ಕೂತು
ಗೇರಿನ ಕೋಲನ್ನು ಎರಡೇ ಬೆರಳಲ್ಲಿ ಅಲ್ಲಾಡಿಸಿದ
ಮಗುವಿನ ಹಾಲುಹಲ್ಲು ಅಲ್ಲಾಡಿಸುವ ಹಾಗೆ.
‘ಸಾರಲ್ಲಿ ಸೌಟು ತಿರುವಿದಂಗೈತಲ್ಲ!’
‘ವಸಿ ಸಡಿಲ,’ ಅಂದೆ.
‘ವಸಿಯಾ?’

ಗೋಣಿಚೀಲ ಹಾಸಿಕೊಂಡು ಅಡಿಗೆ ನುಸುಳಿದ.
ಹೊರಗೆ ಉಳಿದದ್ದು ಎರಡು ಕಾಲು, ಒಂದು ಚಪ್ಪಲಿ,
ಮತ್ತು ಹತ್ತನೇ ನಂಬರ್ ಸ್ಪ್ಯಾನರ್ ಕೇಳುವ ಒಂದು ಕೈ.
ಕೊಟ್ಟೆ. ಬದಲಿಗೆ ಅಂಗೈಗೆ ಬಿತ್ತು
ಕೋಡುಬಳೆಗಿಂತ ಚಿಕ್ಕದೊಂದು ಕರೀ ಬುಷ್ಷು.
ಒಂದು ಮಗ್ಗುಲು ಗಟ್ಟಿ, ಇನ್ನೊಂದು ಇಲ್ಲವೇ ಇಲ್ಲ.
ಅಮ್ಮನ ಕಾಲುಂಗುರ ಕೊನೆಗೆ ಹೀಗೇ ಇತ್ತು,
ನೆಲ ತಾಗುವ ಕಡೆ ಬರೀ ತಂತಿ.

‘ಇನ್ನೆರಡೈತೆ. ಒಂದು ಪುಡಿ,’ ಅಂತು ಕಾರಿನ ಹೊಟ್ಟೆ.

ಪುಡಿಯನ್ನು ಪೇಪರಿನಲ್ಲಿ ಹಿಡಿದು ಕೂತಾಗ
ಯಾಕೋ ಜಯಶೀಲ ನೆನಪಾದಳು,
ಇಂಡುವಾಳಿನ ಅಂಗನವಾಡಿ ಟೀಚರು.
ನಾಲೆ ಏರಿಯ ಮೇಲೆ ಅವಳು ಮೂರನೆಯದು ಕೇಳಿದರೆ
ಒಂದನೆಯದು ಬರುತ್ತಿತ್ತು.
ಕಾರು ಹೋರಿಯಂತೆ ಮುಗ್ಗರಿಸುತ್ತಿತ್ತು,
ನಾನು ಡ್ಯಾಷ್‌ಬೋರ್ಡಿಗೆ ಕೈಕೊಟ್ಟು ಕಿರುಚುತ್ತಿದ್ದೆ:
‘ಕೈಯಲ್ಲಿ ಜೀವ ಇಲ್ವೇನಮ್ಮ ನಿಂಗೆ?’
ಎರಡು ಸಲ ಟೆಸ್ಟು, ಎರಡು ಸಲವೂ ಫೇಲು.
ಕೆಲವರ ಕೈಗೆ ಒಲಿಯಲ್ಲ ಬಿಡು ಅಂದೆ,
ರಸೀದಿ ಹರಿಯುತ್ತ.

ನನ್ನ ಕೈಗೇನೋ ಒಲಿದಿತ್ತು.
ಮೂರನೆಯದು ಮೂರನೆಯದರ ಜಾಗದಲ್ಲಿಲ್ಲ,
ಹೆಬ್ಬೆರಳಿನಷ್ಟು ಬಲಕ್ಕೆ ಹೋಗಿ, ಒಂದು ಉಸಿರು ತಡೆದು,
ಸುಳ್ಳು ಹೇಳಿದಂತೆ ಮೆಲ್ಲಗೆ ಮುಂದೆ ದೂಡಬೇಕು
ಎಂದು ಅದಕ್ಕೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.
ಕತ್ತಲಲ್ಲಿ ಗದ್ದೆ ಬದು ಕಾಲಿಗೆ ಗೊತ್ತಿರುತ್ತಲ್ಲ, ಹಾಗೆ.

ಮಾಯಿಗಣ್ಣ ಟೀ ಅಂಗಡಿಯಿಂದ ಕುದಿನೀರು ತರಿಸಿ
ಗಾಜಿನ ಲೋಟದಲ್ಲಿ ಹೊಸ ಬುಷ್ಷು ನೆನೆಹಾಕಿದ.
‘ಮೆತ್ತಗಾದ್ರೆ ತಾನೇ ಕೂರ್ತದೆ.
ಸುತ್ತಿಗೇಲಿ ಹೊಡದ್ರೆ ಸೀಳ್ಕೊತದೆ.’
ನಾನು ಲೋಟವನ್ನೇ ನೋಡುತ್ತಿದ್ದೆ.
ಮೂರಕ್ಕೂ ಸೇರಿ ನೂರಾ ಇಪ್ಪತ್ತು, ಮಜೂರಿ ಬೇರೆ.

ನೂರಡಿ ರಸ್ತೆಗೆ ಇಳಿಸಿದೆ, ಪಕ್ಕದಲ್ಲಿ ಅವನು.
ಒಂದು, ಟಕ್.
ಎರಡು, ಟಕ್. ಬೀಗದೊಳಗೆ ಕೀಲಿ ತಿರುಗಿದಂತೆ.
ಮೂರಕ್ಕೆ ಕೈ ಹೋಯಿತು, ಎಂದಿನ ಜಾಗಕ್ಕೆ,
ಹೆಬ್ಬೆರಳಿನಷ್ಟು ಬಲಕ್ಕೆ,
ಅಲ್ಲಿ ಗೋಡೆ.
ಮತ್ತೆ ತಳ್ಳಿದೆ. ಗೋಡೆ.
ಹಿಂದೆ ಮಳವಳ್ಳಿ ಬಸ್ಸು ಹಾರನ್ ಒತ್ತಿತು,
ಕಾರು ಮುಗ್ಗರಿಸಿ ನಿಂತಿತು,
ನೆತ್ತಿಯ ಮೇಲೆ ‘ಎಲ್’.
ಮಾಯಿಗಣ್ಣ ಕಿಟಕಿಯಾಚೆ ನೋಡುತ್ತ ಅಂದ:
‘ಬಿಟ್ಬುಡವ್ವ. ಹಿಡ್ಕೋಬೇಡ. ಅದೇ ಹೋಯ್ತದೆ.’

ಸಂಜೆ ಫೋನು ಮಾಡಿದೆ.
‘ಬಾರಮ್ಮ ಒಂದಿನ, ಫೀಸು ಬೇಡ.’
ಜಯಶೀಲ ನಕ್ಕಳು. ‘ಗೇರಿಲ್ಲದ ಸ್ಕೂಟರ್ ತಗೊಂಡೆ ಮೇಡಂ,
ಮಕ್ಕಳ ಮೊಟ್ಟೆ ಟ್ರೇ ಕಾಲ್ಹತ್ರ ಮಡಿಕ್ಕಂಡು ಓಡಾಡ್ತೀನಿ,
ಇದುವರ್ಗೂ ಒಂದೂ ಒಡೆದಿಲ್ಲ.’

ಹೇಳಲೇಬೇಕಿತ್ತು, ಹೇಳಿದೆ:
‘ನಿನ್ನ ಕೈಯದಲ್ಲ ತಪ್ಪು. ಬುಷ್ಷು ಹೋಗಿತ್ತು ಕಣಮ್ಮ.’

ಆ ಕಡೆ ಮಕ್ಕಳ ಗಲಾಟೆ, ಪಾತ್ರೆ ಸದ್ದು.
‘ಬಸ್ಸಾ? ಹೋದ್ರೆ ಹೋಯ್ತು ಬಿಡಿ ಮೇಡಂ,
ಐದೂವರೆಗೆ ಇನ್ನೊಂದೈತೆ.’