ಎಂಟು ಗುಂಡಿ

ಹೆಸರು ಲುಮೆ. ಯಾವ ಪುಸ್ತಕದಲ್ಲೂ ಇಲ್ಲ,
ಎದುವೀನಾಳ ಬಾಯಲ್ಲಿದೆ.
ಚಿಲೋಯೆ ದ್ವೀಪದಲ್ಲಿ ಸಮುದ್ರ ಹಿಂದೆ ಸರಿದಾಗ
ಗಮ್‌ಬೂಟು ಮೆಟ್ಟಿ, ಕಬ್ಬಿಣದ ಕೊಕ್ಕೆ ಹಿಡಿದು
ಚಿಪ್ಪು ಹೆಕ್ಕಲು ಇಳಿಯುತ್ತಾಳೆ; ಹಿಂದೆ ನಾನು, ಬುಟ್ಟಿ ಹೊತ್ತು.

"ಅಲ್ಲಿ ಕಾಲಿಡಬೇಡ. ಊರಿದೆ."

ನನಗೆ ಕಂಡದ್ದು ಬಂಡೆಗೆ ಮೆತ್ತಿದ ಗಂಜಿಯಂಥ ಲೋಳೆ.
ಬಗ್ಗಿದರೆ, ಹೆಬ್ಬೆಟ್ಟಿನ ಗಾತ್ರದ ನಾನೂರು ಮಂದಿ:
ಮೂಳೆಯಿಲ್ಲ, ಮುಖವಿಲ್ಲ, ನೆರಳೂ ನೆಟ್ಟಗಿಲ್ಲ.
ಅಂಚಿನಲ್ಲಿ ಕೂತವರಿಗೆ ಬಾಯಿ, ಒಳಗಿನವರಿಗೆ ಹೊಟ್ಟೆ.
ಒಬ್ಬ ಅಗಿದದ್ದು ಇನ್ನೊಬ್ಬನಿಗೆ ಇಳಿಯುತ್ತದೆ,
ತೇಗುವುದು ಮೂರನೆಯವಳು.
ಉಪ್ಪು ಹೆಚ್ಚಾದರೆ ಎಲ್ಲರೂ ಒಟ್ಟಿಗೆ ನೇರಳೆಗೆ ತಿರುಗಿ
ಸಮುದ್ರವನ್ನು ಬೈಯುತ್ತಾರೆ.

ನಟ್ಟನಡುವೆ ಒಂದು ಮುದಿ ಲುಮೆ. ಉಣ್ಣುವುದಿಲ್ಲ, ಹೆರುವುದಿಲ್ಲ.
ಅದರ ಕೆಲಸ ಚಂದ್ರನ ಲೆಕ್ಕ.
ನೀರು ಬರುವ ಮುನ್ನ ಒಮ್ಮೆ ಬಿಕ್ಕುತ್ತದೆ, ಅಷ್ಟೆ;
ನಾನೂರು ಬಾಗಿಲು ತೆರೆಯುತ್ತವೆ.
ಲೆಕ್ಕ ತಪ್ಪಿದರೆ? ಕೇಳಿದೆ.
"ತಪ್ಪುತ್ತದೆ. ಅವತ್ತು ಊರಿಗೆ ಊರೇ ಉಪವಾಸ.
ಯಾರೂ ಅದನ್ನು ಒಂದು ಮಾತು ಅನ್ನುವುದಿಲ್ಲ."

ಜಗಳಾಡಿದ ಎರಡು ಊರು
ಒಂದೊಂದು ಮರಿಯನ್ನು ಅದಲುಬದಲು ಮಾಡಿಕೊಳ್ಳುತ್ತವಂತೆ.
ಸಾಕುತ್ತ ಸಾಕುತ್ತ ಯಾರು ಯಾರದೆಂದು ಮರೆತು
ಜಗಳಕ್ಕೂ ಮರೆವು.
ಇದನ್ನು ಹೇಳುವಾಗ ಅವಳು ರೊಸಾಮೆಲ್‌ನ ದೋಣಿಯತ್ತ ನೋಡಲಿಲ್ಲ.
ಹನ್ನೊಂದು ವರ್ಷದಿಂದ ನೋಡಿಲ್ಲ. ಒಂದು ಬಲೆ, ಒಂದು ಮಾತು.

ಮಾರ್ಚ್ ತಿಂಗಳಲ್ಲಿ ಅವಳ ಮನೆ ಕದಲಿತು.
ದಡ ಕುಸಿಯುತ್ತಿತ್ತು; ಕಂಬದ ಮೇಲಿನ ಮರದ ಮನೆಯನ್ನು
ಒಲೆ, ಕಿಟಕಿ, ಪರದೆ ಸಮೇತ ದಿಮ್ಮಿಗಳ ಮೇಲಿಳಿಸಿ
ಆರು ಜೋಡಿ ಎತ್ತು ಕಟ್ಟಿ, ಓಣಿಯ ಜನವೆಲ್ಲ ಹಗ್ಗಕ್ಕೆ.
ಕೂಲಿಯಿಲ್ಲ. ಸಂಜೆಗೆ ಆಲೂಗಡ್ಡೆ, ಸೇಬಿನ ಕಳ್ಳು.
ಮೂರನೆಯ ಎಳೆತಕ್ಕೆ ಮನೆ ಮುನಿಸಿಕೊಂಡು ನಿಂತಿತು.
ಆಗ ಹಗ್ಗದ ಬಾಲದಲ್ಲಿ ಇನ್ನೆರಡು ಕೈ.
ಒಂದು, ಎರಡು ಎಂದು ಕೂಗುತ್ತಿದ್ದ ಎದುವೀನಾ
ಮೂರು ಅನ್ನಲಿಲ್ಲ;
ಬಿಕ್ಕಿದಳೋ, ಕೆಮ್ಮಿದಳೋ,
ಮನೆ ಹೊರಟಿತು.

ಕಪಾಟಿನೊಳಗೆ ಲೋಟಗಳು ದಾರಿಯುದ್ದಕ್ಕೂ ಹರಟಿದವು.

ಮರುದಿನ ಹಳೆಯ ಜಾಗಕ್ಕೆ ಹೋದೆ.
ಕಂಬ ಕಿತ್ತ ಎಂಟು ಗುಂಡಿ, ಎಂಟರಲ್ಲೂ ನೀರು.
ಏಳು ಖಾಲಿ.
ಎಂಟನೆಯದರ ಅಂಚಿಗೆ ಬಾಯೊಂದು ಬಂದು ಕೂತಿತ್ತು,
ಹೊಟ್ಟೆ ಇನ್ನೂ ದಾರಿಯಲ್ಲಿ.