ಹಡಗಿನವರು

ಕನ್ನಡಕ ಮಡಗಾಂವ ಬಸ್ಸಿನಲ್ಲಿ ಕಳೆದಂದಿನಿಂದ
ಪುಸ್ತಕ ಒಯ್ಯುವುದಿಲ್ಲ. ಮಂಗೋರ್ ಗುಡ್ಡದ
ಮೆಟ್ಟಿಲು ಹತ್ತುತ್ತಲೇ
ಒಂದು ಕತೆಯನ್ನು ನಾಲಿಗೆಗೆ ತಂದುಕೊಳ್ಳುತ್ತೇನೆ.

ಆವತ್ತು ಯೋನ.
ತಗಡಿನ ಖೋಲಿ, ಸ್ಟೂಲಿನ ಮೇಲೆ ಕರಿ ಚಹಾ,
ಗೋಡೆಗೊರಗಿ ಸಮುವೇಲಪ್ಪ ಹಾದಿಮನಿ,
ಅದಿರಿನ ಬಾರ್ಜಿನ ಖಲಾಸಿ,
ಮೂರು ವಾರದಿಂದ ಕೆಲಸಕ್ಕೆ ಹೋಗಿಲ್ಲ.
ಬಿರುಗಾಳಿ ಎಬ್ಬಿಸಿದೆ, ಚೀಟಿ ಹಾಕಿಸಿದೆ,
ಹುಡುಗರು ನಗಲೆಂದು ಮೀನಿನ ಬಾಯಿಯನ್ನು
ರೈಲಿನ ಸುರಂಗದಷ್ಟು ಮಾಡಿದೆ.

ಹುಡುಗರು ನಕ್ಕರು. ಅವನು ಕೇಳಿದ:
“ಪಾಸ್ಟರ್ರ, ಎತ್ತಿ ಒಗೆದವರಿಗೆ
ಆಮ್ಯಾಲ ಯಾರರೆ ಹೇಳಿದ್ರೇನು,
ಅಂವಾ ಬದುಕ್ಯಾನ ಅಂತ?”

ಅಂಗೈಯಲ್ಲಿ ಹಗ್ಗ ಜಾರಿದ ಗೆರೆ
ಇನ್ನೂ ಕೆಂಪು.
ಚಹಾ ಕುಡಿದೆ, ಆರಿತ್ತು.
ಪ್ರಾರ್ಥನೆ ಮಾಡಿದೆ, ಗಿಡ್ಡದು.

ರಾತ್ರಿ ಮಗಳ ಕೈಲಿ ಓದಿಸಿದೆ, ನಾಲ್ಕೂ ಅಧ್ಯಾಯ.
ನಿನೆವೆಯ ದನಕರುಗಳಿಗೂ ಕಡೆಯ ಸಾಲಿನಲ್ಲಿ ಜಾಗವಿದೆ.
ಹಡಗಿನವರು ಮೊದಲನೆಯದರಲ್ಲೇ
ಹರಕೆ ಹೊತ್ತು ನಿಂತವರು
ಮತ್ತೆ ಬರುವುದಿಲ್ಲ.
“ಇನ್ನೊಮ್ಮೆ ಓದಲಾ?” ಅಂದಳು.

ಮಂಗಳವಾರ ಮತ್ತೆ ಗುಡ್ಡ ಹತ್ತಿದೆ,
ನಾಲಿಗೆಯ ಮೇಲೆ ಏನೂ ಇಲ್ಲದೆ.
ಹಗ್ಗದ ಆ ತುದಿಯಲ್ಲಿದ್ದವನ
ಹೆಸರು ಕೇಳಿದೆ.